ಸ್ನಾನದ ತೊಟ್ಟಿಯ ಸಮುದ್ರ

ಗ್ರಿಮ್ಸ್‌ಬಿಯ ಮೀನುದಕ್ಕೆಯ ಹಿಂದಿನ ಓಣಿಯಲ್ಲಿ
ಬ್ಲಾಂಚರ್ಡನ ಮನೆಯ ಬಚ್ಚಲೇ ನಮ್ಮ ಸ್ಟುಡಿಯೋ.
ಏಳು ಜನ ಸದಸ್ಯರು, ವಾರಕ್ಕೊಂದು ಶಿಲಿಂಗ್ ಚಂದಾ,
ಎಂಟು ಮಿಲಿಮೀಟರಿನ ಒಂದು ಕ್ಯಾಮೆರಾ,
ಅದಕ್ಕೂ ಕಂತು ಬಾಕಿ.

ನಾನು ದೀಪ ಹಿಡಿಯುವವನು.
ಹಗಲೆಲ್ಲ ಮಂಜುಗಡ್ಡೆ ಕಾರ್ಖಾನೆಯಲ್ಲಿ ಒಡೆದು, ಹೊತ್ತು,
ಹಡಗುಗಳ ಹೊಟ್ಟೆಗೆ ತುಂಬಿ ಮರಗಟ್ಟಿದ ಬೆರಳಿಗೆ
ಬಿಸಿ ಬಲ್ಬಿನ ಪಕ್ಕ ನಿಲ್ಲುವುದೇ ಸಂಬಳ.

ಕಥೆ ಕಮ್ಯಾಕನದು. ಮೀನು ಸೀಳುವ ಕತ್ತಿಯವನು,
ಎಷ್ಟು ತೊಳೆದರೂ ಕೈಯಲ್ಲಿ ಮೀನಿನ ವಾಸನೆ,
ಕಥೆಯಲ್ಲೂ ಅಷ್ಟೇ.
ಒಂದು ಹಡಗು, ಒಂದು ಬಿರುಗಾಳಿ, ಮುಳುಗಡೆ.
"ಹನ್ನೆರಡು ನಿಮಿಷದಲ್ಲಿ ಓಣಿಯೇ ಅಳಬೇಕು" ಅಂದ.
ನಮ್ಮ ಓಣಿ ಅಳುವುದಕ್ಕೆ ಸಿನಿಮಾ ಬೇಕಿತ್ತೆ ಅಂತ
ಯಾರೂ ಕೇಳಲಿಲ್ಲ.

ಸಿಗಾರ್ ಪೆಟ್ಟಿಗೆಯ ಹಲಗೆಯ ಹಡಗು, ಒಂದೂವರೆ ಮೊಳ.
ಗಾಳಿಗೆ ಸೈಕಲ್ ಪಂಪು, ಮಂಜಿಗೆ ಕೆಟಲಿನ ಹಬೆ.
ಸಣ್ಣ ಅಲೆ ಗುಡ್ಡದಷ್ಟು ಕಾಣಬೇಕೆಂದರೆ
ಕ್ಯಾಮೆರಾ ಎರಡರಷ್ಟು ವೇಗ ಓಡಬೇಕು,
ರೀಲೂ ಎರಡರಷ್ಟು ತಿನ್ನುತ್ತದೆ.
"ಈ ಕಡಲಿಗೆ ನಿಮಿಷಕ್ಕೆ ಎಷ್ಟಾಯಿತು ಗೊತ್ತೇನು?"
ಖಜಾಂಚಿ ಬ್ರಾಕಲ್ಸ್‌ಬಿ ಪುಸ್ತಕ ತೆರೆದುಕೊಂಡೇ ಕೂತಿದ್ದ.

ಬಲೆ ಹೆಣೆಯುವ ಹಿಲ್ಡಾ ಸ್ಟೇದರ್
ಹೊಲಿಗೆ ದಾರದಲ್ಲಿ ಅಂಗೈಯಗಲದ ಬಲೆ ಮಾಡಿ ತಂದಿದ್ದಳು,
ಒಂದೊಂದು ಗಂಟೂ ದಕ್ಕೆಯ ಗಂಟೇ.
ಕೊಟ್ಟು, ಕೋಟು ಬಿಚ್ಚದೆ, ಬಾಗಿಲಲ್ಲೇ ನಿಂತಳು.

ಕಮ್ಯಾಕ್ ದಾರ ಎಳೆದ.
ಹಡಗು ಮೂತಿ ಮುಂದಾಗಿ ಬುಳುಂ ಅಂದಿತು,
ಚಹಾಕ್ಕೆ ಬಿಸ್ಕತ್ತು ಅದ್ದಿದ ಹಾಗೆ.

"ಹಾಗಲ್ಲ."

ತಿರುಗಿ ನೋಡಿದೆವು.
"ಮೂತಿಯಿಂದ ಹೋಗುವುದಿಲ್ಲ ಅದು. ಮೊದಲು ಗಡ್ಡೆ.
ಕಂಬಕ್ಕೆ, ಹಗ್ಗಕ್ಕೆ, ಕಟಕಟೆಗೆ ಕಟ್ಟುತ್ತದೆ.
ಕೊಡಲಿಯಲ್ಲಿ ಕಡಿದಷ್ಟೂ ಕಟ್ಟುತ್ತದೆ.
ತಲೆಭಾರ ತಾಳದೆ
ಗಬ್ಬದ ಹಸುವಿನ ಹಾಗೆ ಮಗ್ಗುಲಿಗೆ ಮಲಗುತ್ತದೆ.
ಅಷ್ಟೇ. ಏಳುವುದಿಲ್ಲ."

ಆ ಹಡಗಿನಿಂದ ಹೀಗಾಯಿತೆಂದು ಹೇಳಲು
ಒಬ್ಬನೂ ವಾಪಸು ಬಂದಿರಲಿಲ್ಲ.
ನಿನಗೆ ಹೇಗೆ ಗೊತ್ತು ಎಂದು ಕೇಳಬಲ್ಲ ಬಾಯಿ
ನಮ್ಮಲ್ಲಿ ಬ್ರಾಕಲ್ಸ್‌ಬಿಯದೊಂದೇ.
ಅವನೂ ಪುಸ್ತಕ ಮುಚ್ಚಿದ.

ಮೇಣದಬತ್ತಿ ಕೇಳಿದಳು.
ತೊಟ್ಟಿಯ ಬದಿಗೆ ಮೊಣಕಾಲೂರಿ
ಹನಿಹನಿಯಾಗಿ ಬಿಟ್ಟಳು, ಕಂಬಕ್ಕೆ, ಹಗ್ಗಕ್ಕೆ,
ತಾನೇ ಹೆಣೆದ ಬಲೆಗೆ.
ನಾನು ಹೊಟ್ಟೆಗೆ ತುಂಬಿದ್ದೇ ತಲೆಗೇರುತ್ತದಲ್ಲ ಅನಿಸಿ
ದೀಪ ಅಲುಗಿತು.
"ಅಲುಗಲಿ ಬಿಡು" ಅಂದ ಬ್ಲಾಂಚರ್ಡ್, "ಮಿಂಚಿನ ಹಾಗಿದೆ."

ಹಡಗು ತಡೆಯಿತು,
ತಡೆಯಿತು,
ಮೆಲ್ಲಗೆ ಮಗ್ಗುಲಾಯಿತು.
ಯಾರೂ ಸಾಕು ಅನ್ನಲಿಲ್ಲ.
ರೀಲು ಮುಗಿದ ಮೇಲೂ ಕ್ಯಾಮೆರಾ
ಬರಿಹೊಟ್ಟೆಯಲ್ಲಿ ಓಡುತ್ತಿತ್ತು.

ಮೂರು ವಾರಕ್ಕೆ ಅಂಚೆಯಲ್ಲಿ ತೊಳೆದು ಬಂತು.
ನೋಡಿದರೆ, ಹಡಗು ವಾಲುವ ಹೊತ್ತಿಗೆ
ಬಲತುದಿಯಿಂದ ಒಂದು ಕೈ.
ಹಡಗಿಗಿಂತ ದೊಡ್ಡದು, ಬೆರಳ ಸಂದಿಗೆ ದಾರ ಕೊರೆದ ಗೆರೆ.
ಹಡಗಿನ ಪಕ್ಕೆಗೆ ಆನಿಸಿ ನಿಲ್ಲುತ್ತದೆ.
ಆಮೇಲೆ ಬಿಡುತ್ತದೆ.
ಅಷ್ಟು ಜನ ಸುತ್ತ ನಿಂತಿದ್ದೆವು, ಒಬ್ಬರಿಗೂ ಕಂಡಿರಲಿಲ್ಲ.

ಕತ್ತರಿಸಲೇಬೇಕು ಅಂದ ಕಮ್ಯಾಕ್. ಕತ್ತರಿಯನ್ನೂ ತಂದ.
ಚಹಾ ಆಯಿತು, ಇನ್ನೊಂದು ಚಹಾ ಆಯಿತು,
ಕತ್ತರಿ ಮೇಜಿನ ಮೇಲೇ ಇತ್ತು.

ಸ್ಪರ್ಧೆಯ ತೀರ್ಪುಗಾರರು ಬರೆದರು:
ಚೌಕಟ್ಟಿನೊಳಗೆ ಅನಗತ್ಯ ಕೈ, ಐದು ಅಂಕ ಕಡಿತ.
ಮಿಷನ್ ಹಾಲಿನಲ್ಲಿ ಮಕ್ಕಳು "ರಾಕ್ಷಸ! ರಾಕ್ಷಸ!" ಎಂದು ನಕ್ಕವು.
ಹಿಂದಿನ ಬೆಂಚಿನ ಹೆಂಗಸರು
ಇನ್ನೊಂದು ಸಲ ಹಾಕಿ ಅಂದರು.
ಹಾಕಿದೆವು.

ಬ್ಲಾಂಚರ್ಡನ ಹೆಂಡತಿ ಇವತ್ತಿಗೂ ಬೈಯುತ್ತಾಳೆ,
ನಿಮ್ಮ ಸಿನಿಮಾ ಹಾಳಾಗ, ಕೊಳವೆಗೆಲ್ಲ ಮೇಣ ಕಟ್ಟಿದೆ,
ತೊಟ್ಟಿಯ ನೀರು ಇಳಿಯುವುದೇ ಇಲ್ಲ.